ಓಡಾಡುವ ಉಳುಕು

ಆ ಹುಡುಗಿಯನ್ನು ಮೊದಲು ನೋಡಿದ ದಿನ ಮಳೆ ಬರುತ್ತಿತ್ತು ಎಂದು ನನ್ನ ನೆನಪು. ಶಾಲೆಯ ತಗಡಿನ ಸೂರಿನ ಮೇಲೆ ಸದ್ದು ಎಷ್ಟಿತ್ತೆಂದರೆ ಹೃದಯವನ್ನು ಪರದೆಯ ಮೇಲೆ ತೋರಿಸುವ ಎಕೋ ಯಂತ್ರದಿಂದ ಬರುವ ಎದೆಬಡಿತವೂ ಸರಿಯಾಗಿ ಕೇಳುತ್ತಿರಲಿಲ್ಲ. ನನ್ನ ಜೊತೆ ಕೆಲಸ ಮಾಡುವ ಸಿಸ್ಟರ್ ಇದನ್ನು ಒಪ್ಪುವುದಿಲ್ಲ. ಅವರು ಕಿರಂಗೂರಿನವರು. "ಮಳೆ ಎಲ್ಲಿತ್ತು ಸಾರ್? ಸೂರಿನ ಮೇಲೆ ಕೋತಿ ಕುಣೀತಿದ್ವು. ನೀವೇ ಆಚೆ ಓಗಿ ಓಡಿಸ್ಬುಟ್ಟು ಬಂದ್ರಿ" ಎನ್ನುತ್ತಾರೆ. ಕೋತಿ ಓಡಿಸಿದ್ದು ನನಗೆ ಒಂದಿಷ್ಟೂ ನೆನಪಿಲ್ಲ.

ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಾನು ಹೇಳಹೊರಟ ಸಂಗತಿ ನಿಂತಿರುವುದೇ ನೆನಪಿನ ಮೇಲೆ, ಮತ್ತು ನೆನಪು ಎಂಬುದರ ಮೇಲೆ ನನಗೆ ಆಗ ಯಾವ ಗೌರವವೂ ಇರಲಿಲ್ಲ. ನನ್ನದೇ ಇಷ್ಟು ಸೋರುತ್ತಿರುವಾಗ ಬೇರೆಯವರದನ್ನು ಏಕೆ ನಂಬಬೇಕು ಎಂಬುದು ನನ್ನ ವಾದ. ರೋಗಿ ಹೇಳುವುದು ಕಥೆ, ಯಂತ್ರ ತೋರಿಸುವುದು ಸತ್ಯ. ವೈದ್ಯಕೀಯ ಓದುವಾಗ ಯಾರೂ ಇಷ್ಟು ಒರಟಾಗಿ ಹೇಳಿಕೊಟ್ಟಿರಲಿಲ್ಲ. ಆದರೆ ನಾನು ಕಲಿತುಕೊಂಡದ್ದು ಹಾಗೆ.

ನಮ್ಮ ಕೆಲಸ ಇಷ್ಟೇ: ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳ ಶಾಲೆಗಳಿಗೆ ಹೋಗಿ ಮಕ್ಕಳ ಹೃದಯ ನೋಡುವುದು. ನಾವು ಹುಡುಕುತ್ತಿದ್ದದ್ದು ರುಮ್ಯಾಟಿಕ್ ಜ್ವರ ಬಿಟ್ಟುಹೋದ ಗುರುತನ್ನು. ಮಗುವಿಗೆ ಗಂಟಲು ನೋವು ಬರುತ್ತದೆ, ನಾಲ್ಕು ದಿನಕ್ಕೆ ಹೋಗುತ್ತದೆ. ಕೆಲವು ಮಕ್ಕಳಲ್ಲಿ ಮಾತ್ರ, ಎರಡು ಮೂರು ವಾರ ಕಳೆದ ಮೇಲೆ, ಗಂಟಲಿನ ರೋಗಾಣುವಿನ ಮೇಲೆ ಎದ್ದ ದೇಹದ ಸಿಟ್ಟು ಗುರಿ ತಪ್ಪಿ ತನ್ನದೇ ಕೀಲುಗಳ ಮೇಲೆ, ಹೃದಯದ ಮೇಲೆ ಬೀಳುತ್ತದೆ. ಕೀಲಿಗೆ ಬಂದದ್ದು ಗುರುತಿಲ್ಲದೆ ವಾಸಿಯಾಗುತ್ತದೆ. ಹೃದಯದ ಕವಾಟಕ್ಕೆ ಬಂದದ್ದು ಉಳಿಯುತ್ತದೆ. ಮತ್ತೊಮ್ಮೆ ಗಂಟಲು ಕೆಟ್ಟರೆ ಮತ್ತೊಂದು ಪೆಟ್ಟು. ತೆಳ್ಳನೆಯ ಕವಾಟದ ಅಂಚು ದಪ್ಪವಾಗುತ್ತದೆ, ಮುದುಡುತ್ತದೆ, ಸರಿಯಾಗಿ ಮುಚ್ಚುವುದಿಲ್ಲ ಅಥವಾ ಸರಿಯಾಗಿ ತೆರೆಯುವುದಿಲ್ಲ. ಮಗುವಿಗೆ ಏನೂ ಗೊತ್ತಾಗದು. ವರ್ಷಗಳಾದ ಮೇಲೆ, ಹೆಣ್ಣುಮಕ್ಕಳಿಗಾದರೆ ಎಷ್ಟೋ ಸಲ ಮೊದಲ ಬಸುರಿನಲ್ಲಿ, ಮೆಟ್ಟಿಲು ಹತ್ತಲಾರದೆ ಏದುಸಿರು ಬಂದಾಗ ಆಸ್ಪತ್ರೆಗೆ ಬರುತ್ತಾರೆ. ಮೈಸೂರಿನ ವಾರ್ಡಿನಲ್ಲಿ ಅಂಥವರನ್ನು ನೋಡಿ ನೋಡಿ, ಕೂತಲ್ಲಿ ಕೂರಲಾರದ ನನ್ನ ಸ್ವಭಾವಕ್ಕೆ ಸರಿಯಾಗಿ, ನಾನು ಈ ತಿರುಗಾಟದ ಕೆಲಸ ಕೇಳಿ ಪಡೆದಿದ್ದೆ.

ಹೊಣಕೆರೆ ಹೋಬಳಿಯ ಆ ಶಾಲೆಯಲ್ಲಿ ಒಂದು ಕೋಣೆಯ ಕಿಟಕಿಗಳಿಗೆ ಬೆಡ್‌ಶೀಟು ಕಟ್ಟಿ ಕತ್ತಲು ಮಾಡಿಕೊಂಡಿದ್ದೆವು. ಬೆಳಕಿದ್ದರೆ ಪರದೆಯ ಮೇಲಿನ ಬೂದುಬಣ್ಣದ ವ್ಯತ್ಯಾಸ ಕಾಣುವುದಿಲ್ಲ. ಎರಡು ಬೆಂಚು ಜೋಡಿಸಿ ಮೇಲೆ ಜಮಖಾನ. ಸಿಸ್ಟರ್ ಒಬ್ಬೊಬ್ಬರೇ ಹುಡುಗಿಯನ್ನು ಒಳಗೆ ಕರೆದು, ಎಡಮಗ್ಗುಲಿಗೆ ಮಲಗಿಸಿ, ಮೇಲೊಂದು ಟವೆಲು ಹೊದಿಸಿ ಕೂಗಿದ ಮೇಲೆ ನಾನು ಹೋಗುತ್ತಿದ್ದೆ. ಯಂತ್ರದ ಹಿಡಿಗೆ ತಣ್ಣನೆಯ ಜೆಲ್ ಹಚ್ಚಿ ಪಕ್ಕೆಲುಬುಗಳ ಸಂದಿಗೆ ಒತ್ತಿ ನೋಡುವುದು ಕೆಲವೇ ನಿಮಿಷದ ಕೆಲಸ. ಮೊದಲು ಎರಡು ಪ್ರಶ್ನೆ ಕೇಳಬೇಕಿತ್ತು. ಯಾವಾಗಲಾದರೂ ಕೀಲುನೋವು ಇತ್ತೇ? ಕೀಲು ಊದಿಕೊಂಡಿತ್ತೇ? ಇಲ್ಲ ಸಾರ್, ಇಲ್ಲ ಸಾರ್. ಎಲ್ಲ ಶಾಲೆಗಳಲ್ಲೂ ಎಲ್ಲ ಮಕ್ಕಳೂ ಅದೇ ಹೇಳುತ್ತಿದ್ದರು. ಕಾಟಾಚಾರಕ್ಕೆ ಕೇಳುತ್ತಿದ್ದೆ.

ಈ ಹುಡುಗಿ ಎಂಟನೇ ತರಗತಿ. ಖೋಖೋ ತಂಡದ ಹುಡುಗಿ, ಮಂಡಿಯ ಮೇಲೆಲ್ಲ ಒಣಗಿದ ಗಾಯ. ಪರದೆಯಲ್ಲಿ ಅವಳ ಹೃದಯದ ಎಡಭಾಗದ ಎರಡು ಕೋಣೆಗಳ ನಡುವಿನ ಕವಾಟ ಕಂಡಿತು. ಕೆಳಗಿನ ಕೋಣೆ ಹಿಂಡಿದಾಗ ರಕ್ತವೆಲ್ಲ ಮುಂದಕ್ಕೆ ಹೋಗಬೇಕು. ಯಂತ್ರ ರಕ್ತದ ಹರಿವಿಗೆ ಬಣ್ಣ ಕೊಟ್ಟು ತೋರಿಸುತ್ತದೆ; ಅವಳದರಲ್ಲಿ ಒಂದು ನೀಲಿ ಎಳೆ ಮುಚ್ಚಿದ ಕವಾಟದ ಸಂದಿಯಿಂದ ಹಿಂದಕ್ಕೆ, ಮೇಲಿನ ಕೋಣೆಗೆ ಚಿಮ್ಮುತ್ತಿತ್ತು. ಆರೋಗ್ಯವಂತ ಮಕ್ಕಳಲ್ಲೂ ಒಂದು ಚೂರು ಹೀಗೆ ಸೋರುವುದುಂಟು. ಇದು ಅದಕ್ಕಿಂತ ತುಸು ಉದ್ದವಿತ್ತು. ಕವಾಟದ ತುದಿ ದಪ್ಪವಿತ್ತೇ? ಇದ್ದ ಹಾಗಿತ್ತು. ಯಂತ್ರದ ಗುಂಡಿ ತಿರುಗಿಸಿ ಹೊಳಪು ಇಳಿಸಿದರೆ ಇಲ್ಲದ ಹಾಗೂ ಇತ್ತು.

ಚಿತ್ರಗಳನ್ನು ಮೈಸೂರಿನ ಹಿರಿಯ ಹೃದಯತಜ್ಞರಿಗೆ ಕಳಿಸಿದೆ. ನಮ್ಮ ಎಲ್ಲ ಅನುಮಾನಗಳಿಗೆ ಕೊನೆಯ ಮಾತು ಅವರದು. ಗಡಿಯ ಮೇಲಿದೆ, ಈಚೆಗೂ ಹೇಳಬಹುದು ಆಚೆಗೂ ಹೇಳಬಹುದು ಎಂದರು. ಹಿಂದೆ ಜ್ವರವೋ ಕೀಲುಬಾವೋ ಬಂದಿದ್ದರೆ ಮಾತು ಬೇರೆ, ಏನೂ ಇಲ್ಲದಿದ್ದರೆ ಒಂದು ವರ್ಷ ಬಿಟ್ಟು ಮತ್ತೆ ನೋಡಿ ಎಂದರು.

ಒಂದು ವರ್ಷ ಎನ್ನುವುದು ಸುಲಭ. ಇದು ನಿಜವಾಗಿ ರುಮ್ಯಾಟಿಕ್ ಆಗಿದ್ದರೆ ಆ ವರ್ಷದಲ್ಲಿ ಬರುವ ಒಂದೊಂದು ಗಂಟಲು ನೋವೂ ಕವಾಟಕ್ಕೆ ಹೊಸ ಪೆಟ್ಟು. ಅದನ್ನು ತಡೆಯುವ ದಾರಿಯೆಂದರೆ ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಚುಚ್ಚುಮದ್ದು, ಹುಡುಗಿಗೆ ಇಪ್ಪತ್ತೊಂದು ತುಂಬುವವರೆಗಾದರೂ. ಅದರಷ್ಟು ನೋಯುವ ಸೂಜಿ ಕಡಿಮೆ. ರುಮ್ಯಾಟಿಕ್ ಅಲ್ಲದಿದ್ದರೆ, ಆರೋಗ್ಯವಾಗಿರುವ ಹುಡುಗಿಯೊಬ್ಬಳಿಗೆ ವರ್ಷಗಟ್ಟಲೆ ಸೂಜಿ ಚುಚ್ಚಿ, ಮೇಲೆ ಹೃದಯದ ರೋಗಿ ಎಂಬ ಹೆಸರನ್ನೂ ಅಂಟಿಸಿದಂತೆ. ಎರಡು ತಪ್ಪುಗಳಲ್ಲಿ ಯಾವುದನ್ನು ಮಾಡುವುದು?

ಒಂದು ವರ್ಷ ಬಿಟ್ಟು ಮತ್ತೆ ನೋಡುತ್ತೇವೆಂದು ಮನೆಯವರಿಗೆ ತಿಳಿಸಲು ಸಿಸ್ಟರ್ ಮತ್ತು ನಾನು ಅವಳ ಊರಿಗೆ ಹೋದೆವು. ತಾಯಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗಿದ್ದರು. ತಂದೆ ನಾಲೆಯ ಸೌಡಿ, ಅಂದರೆ ನೀರಾವರಿ ಇಲಾಖೆಯ ತೂಬು ತೆರೆದು ಮುಚ್ಚುವ ಕೆಲಸ. ವಾರವೆಲ್ಲ ಕೆ.ಆರ್.ಎಸ್.ನಲ್ಲಿದ್ದು ಭಾನುವಾರ ಬರುತ್ತಿದ್ದರು. ಮನೆಯಲ್ಲಿದ್ದದ್ದು ತಂದೆಯ ತಾಯಿ, ಹುಡುಗಿಯ ಅಜ್ಜಿ. ಕೊಟ್ಟಿಗೆಯಿಂದ ಕೈ ತೊಳೆದುಕೊಂಡು ಬಂದರು. ನಾನು ಅಭ್ಯಾಸಬಲದಿಂದ ಮತ್ತದೇ ಪ್ರಶ್ನೆ ಕೇಳಿದೆ. ಮೊಮ್ಮಗಳಿಗೆ ಕೀಲುನೋವು ಬಂದಿತ್ತೇ ಅಜ್ಜಿ?

"ಕೀಲುನೋವು ನಂಗದೆ ಕಣಪ್ಪ. ಎಳೇ ಮಕ್ಳಿಗೆ ಎಲ್ಲಿ ಬತ್ತದೆ?" ಎಂದು ನಕ್ಕುಬಿಟ್ಟರು. ಡಾಕ್ಟರು ಎಂದು ಬಂದವನಿಗೆ ಇಷ್ಟೂ ಗೊತ್ತಿಲ್ಲವಲ್ಲ ಎಂಬ ನಗು.

ಹೊರಡುವ ಹೊತ್ತಿಗೆ ಪಕ್ಕದ ಬೀದಿಯ ಒಬ್ಬ ಗಂಡಸು ಕುಂಟುತ್ತಾ ಬಂದ. ಟ್ರಾಕ್ಟರಿನಿಂದ ಇಳಿಯುವಾಗ ಪಾದ ಉಳುಕಿತ್ತಂತೆ. ಸುತ್ತಲ ಊರಿಗೆಲ್ಲ ಉಳುಕು ತೆಗೆಯುವವರು ಈ ಅಜ್ಜಿಯೇ ಎಂದು ನನಗೆ ಆಗ ಗೊತ್ತಾಯಿತು. ಕುತೂಹಲಕ್ಕೆ ನಿಂತೆ. ಅಜ್ಜಿ ಅಗಲವಾದ ತಟ್ಟೆಯಲ್ಲಿ ನೀರು ಹಾಕಿ ಅವನ ಪಾದದ ಪಕ್ಕದಲ್ಲಿಟ್ಟರು. ಒಂದು ಹಿತ್ತಾಳೆ ಚೆಂಬಿನೊಳಗೆ ಒಣಹುಲ್ಲು ಹೊತ್ತಿಸಿ, ಬಾಯಲ್ಲೇನೋ ಹೇಳಿಕೊಳ್ಳುತ್ತಾ, ಚೆಂಬನ್ನು ತಟ್ಟೆಯ ಮೇಲೆ ಮಗುಚಿದರು. ತಟ್ಟೆಯ ನೀರು ಗುಳುಗುಳು ಎಂದು ಚೆಂಬಿನೊಳಕ್ಕೆ ಏರಿತು. ಕಾದ ಗಾಳಿ ತಣಿದು ಕುಗ್ಗಿದರೆ ನೀರು ಏರಲೇಬೇಕು, ಹೈಸ್ಕೂಲಿನ ವಿಜ್ಞಾನ. ಅಲ್ಲಿದ್ದವರ ಲೆಕ್ಕದಲ್ಲಿ ಉಳುಕು ಚೆಂಬಿಗೆ ಹೋಗಿತ್ತು. ಆಮೇಲೆ ಎಣ್ಣೆ ಹಚ್ಚಿ ನೀವಿದರು. ಗಂಡಸು ಎದ್ದು ಎರಡು ಹೆಜ್ಜೆ ನಡೆದ. ಪರವಾಗಿಲ್ಲ ಕಣವ್ವ ಎಂದ.

ನನ್ನೊಳಗಿನ ತುಂಟ ಸುಮ್ಮನಿರಲಿಲ್ಲ. ಎಲ್ಲರ ಉಳುಕೂ ಹೀಗೆ ಹೋಗಿಬಿಡುತ್ತದೆಯೇ ಅಜ್ಜಿ ಎಂದು ಕೇಳಿದೆ.

"ಎಲ್ಲಾರ್ದೂ ಓಗ್ತದೆ" ಎಂದರು. ಆಮೇಲೆ ಬಾಗಿಲಲ್ಲಿ ನಿಂತಿದ್ದ ಮೊಮ್ಮಗಳ ಕಡೆ ಗಲ್ಲ ತೋರಿಸಿದರು. "ಇವಳ್ದೊಂದು ಬುಟ್ಟು. ಇವಳ್ದು ಕೈಗೆ ಸಿಕ್ಕನಿಲ್ಲ."

ಸಿಕ್ಕಲಿಲ್ಲ ಎಂದರೆ?

"ಒಂದ್ಕಡೆ ನಿಲ್ಲಬೇಕಲ್ಲಪ್ಪ. ಎರಡು ವರ್ಸಾಯ್ತಾ ಬಂತು, ರಾಗಿ ಬಿತ್ತೋ ಕಾಲ. ಬಲಮಂಡಿಗೆ ಬಂತು, ತೆಗುದೆ. ಬೆಳಗಾನ ಎದ್ರೆ ಕಾಲ್ಗಿಣ್ಣಿಗೆ ಓಗದೆ. ಅಲ್ಲಿ ತೆಗುದ್ರೆ ಕೈಗೆ ಬಂತು. ಬೆಂಕಿ ಮುಟ್ದಂಗಿತ್ತು, ಬಟ್ಟೆ ಸೋಕಿಸಿದ್ರೂ ಅಳೋಳು. ನಾನು ಇಷ್ಟು ಉಳುಕು ತೆಗ್ದಿವ್ನಿ, ಓಡಾಡೋ ಉಳುಕ ನೋಡಿದ್ದು ಅದೇ ಮೊದ್ಲು."

ಉಳುಕು ಓಡಾಡುವುದಿಲ್ಲ. ಉಳುಕಿದ ಕಡೆ ಇರುತ್ತದೆ, ಅಲ್ಲೇ ಹೋಗುತ್ತದೆ. ಒಂದು ಕೀಲನ್ನು ಬಿಟ್ಟು ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹಾರುವ ಬಿಸಿಬಿಸಿ ನೋವು ಮಕ್ಕಳಲ್ಲಿ ಕಂಡರೆ ಮೊದಲು ನೆನೆಯಬೇಕಾದದ್ದು ರುಮ್ಯಾಟಿಕ್ ಜ್ವರವನ್ನು. ಎಷ್ಟು ಶಾಲೆಗಳಲ್ಲಿ ನಾನು 'ಕೀಲುನೋವು' ಎಂಬ ಮಾತನ್ನು ಹಿಡಿದುಕೊಂಡು ಕೇಳಿದ್ದೆ! ಈ ಕಡೆಯವರಿಗೆ ಅದು ಮುದುಕರ ಕಾಯಿಲೆ. ಆಡುವ ಮಕ್ಕಳ ಕಾಲು ನೋಯುತ್ತದೆ ಎಂದರೆ ಅದಕ್ಕಿರುವ ಹೆಸರು ಒಂದೇ, ಉಳುಕು. ಇಲ್ಲ ಸಾರ್ ಎಂದ ಮಕ್ಕಳು ಸುಳ್ಳು ಹೇಳಿರಲಿಲ್ಲ, ಮರೆತೂ ಇರಲಿಲ್ಲ.

ಆದರೆ ಉತ್ಸಾಹ ಬಂದ ತಕ್ಷಣ ಅನುಮಾನವೂ ಬಂತು. ನಾನು ಹುಡುಕುತ್ತಿದ್ದದ್ದೇ ಸಿಕ್ಕಿದೆ, ಅದಕ್ಕೇ ಇದು ಸಿಹಿಯಾಗಿದೆ. ಒಂದೂವರೆ ಎರಡು ವರ್ಷದ ಹಿಂದಿನ ಮಾತು, ಒಬ್ಬರ ಬಾಯಿಂದ. ಹುಡುಗಿಯನ್ನು ಕೇಳಿದರೆ ಕಾಲು ನೋಯುತ್ತಿತ್ತು, ಅಜ್ಜಿ ಎಣ್ಣೆ ಹಚ್ಚುತ್ತಿತ್ತು ಎನ್ನುವುದಷ್ಟೇ ಅವಳಿಗೆ ಗೊತ್ತು. ಗಂಟಲ ಸೋಂಕಿನ ಕುರುಹು ಹುಡುಕುವ ರಕ್ತಪರೀಕ್ಷೆ ಇಷ್ಟು ತಡವಾಗಿ ಮಾಡಿ ಉಪಯೋಗವಿಲ್ಲ. ತಾಯಿ ಅಜ್ಜಿಯ ಜೊತೆ ಒಂದೇ ಮನೆಯಲ್ಲಿರುವವರು, ಸಂಜೆಗೇ ಮಾತು ಅವರ ಕಿವಿಗೆ ಬಿದ್ದಿರುತ್ತದೆ. ಉಳಿದದ್ದು ತಂದೆ. ಅಜ್ಜಿ ಏನು ಹೇಳಿದರೆಂದು ಅವರಿಗೆ ಯಾರೂ ಹೇಳಬಾರದು ಎಂದು ಸಿಸ್ಟರ್‌ಗೆ ತಾಕೀತು ಮಾಡಿ, ಮರುದಿನ ನಾನೊಬ್ಬನೇ ಬೈಕ್ ಹತ್ತಿದೆ.

ಅವರು ಸಿಕ್ಕಿದ್ದು ಪಾಂಡವಪುರದ ಕಡೆ ನಾಲೆಯ ಏರಿಯ ಮೇಲೆ. ತೂಬಿನ ಗೇಟಿನ ಚಕ್ರ ತಿರುಗಿಸುತ್ತಿದ್ದರು. ಮಗಳಿಗೆ ಹಿಂದೆ ಏನಾದರೂ ಕಾಯಿಲೆ ಆಗಿತ್ತೇ ಎಂದಷ್ಟೇ ಕೇಳಿದೆ. ಏನಿಲ್ಲ ಸಾ ಎಂದರು. ಕೈಕಾಲಿಗೆ ಏನಾದರೂ? ಒಂದ್ಸಲ ಎಡಗಾಲು ಉಳುಕಿತ್ತು ಎಂದರು. ಅಜ್ಜಿ ಬಲಮಂಡಿ ಎಂದಿದ್ದರು. ಯಾವಾಗ? ದೀಪಾವಳಿ ಮುಗಿದ ಮೇಲೆ. ಅಜ್ಜಿ, ರಾಗಿ ಬಿತ್ತುವ ಕಾಲ ಎಂದಿದ್ದರು. ನನ್ನ ಅನುಮಾನವೇ ಗೆದ್ದಿತು ಎಂದುಕೊಂಡೆ. ಗೆದ್ದ ಸಂತೋಷ ಮಾತ್ರ ಆಗಲಿಲ್ಲ. ಬೈಕಿನ ಕಡೆ ತಿರುಗಿದೆ.

ಹಿಂದಿನಿಂದ ಅವರೇ ಕೂಗಿದರು. "ಈ ಉಳುಕಿನ ಮಾತ ನಮ್ಮವ್ವನ ಮುಂದೆ ಎತ್ತಬ್ಯಾಡಿ ಸಾ. ರೇಗ್ತಳೆ."

ಯಾಕೆ?

"ಊರೋರ್ದೆಲ್ಲಾ ತೆಗ್ದವ್ಳು, ಮೊಮ್ಮಗಳ್ದು ಇಡಿಯಕಾಗ್ನಿಲ್ಲ. ಕಾಲ್ತಾವ ಚೆಂಬು ಮಡಗುದ್ರೆ ಕೈಗೆ ಓಯ್ತು. ನಾನೇ ಆಡ್ಕೊಂಡಿದ್ದೆ, ಅವ್ವ, ನಿನ್ ಉಳುಕು ಬಸ್ಸು ಅತ್ಬುಟ್ಟದೆ, ಕಂಡಕ್ಟರ್‌ನ ಕೇಳು ಅಂತ. ನಾಕು ದಿನ ನನ್ ಕುಟ್ಟೆ ಮಾತಾಡ್ನಿಲ್ಲ."

ನಾನು ಬೈಕ್ ಬಿಟ್ಟು ಅವರ ಹತ್ತಿರ ವಾಪಸು ಬಂದೆ. ಆಗ ಜ್ವರ ಇತ್ತೇ ಎಂದು ಕೇಳಿದೆ. ಇತ್ತು. ಅದಕ್ಕೆ ಮುಂಚೆ? ಅವಳು ಕೆ.ಆರ್.ಎಸ್.ಗೆ ತಮ್ಮ ಜೊತೆ ಬಂದಿದ್ದಳು, ಐಸ್‌ಕ್ಯಾಂಡಿ ತಿಂದು ಗಂಟಲು ಕಟ್ಟಿಕೊಂಡು ಅನ್ನ ನುಂಗಲಾರದೆ ಹೋದಳು, ಹೆಂಡತಿ ತಮ್ಮನ್ನು ಬೈದಳು, ಅದಾಗಿ ಹದಿನೈದು ಇಪ್ಪತ್ತು ದಿನಕ್ಕೆ ಈ ಉಳುಕು ಎಂದರು. ತಪ್ಪು ಐಸ್‌ಕ್ಯಾಂಡಿಯದಲ್ಲ. ಆದರೆ ಗಂಟಲು ನೋವೂ ಅದರ ಹಿಂದಿನ ಬಿಡುವೂ ನನಗೆ ಬೇಕಿದ್ದದ್ದೇ.

ಈಗ ವಿಷಯ ಹೇಳಬೇಕಾಯಿತು. ಹೃದಯದೊಳಗೆ ರಕ್ತ ಬಿಡುವ ಬಾಗಿಲೊಂದು ಸರಿಯಾಗಿ ಮುಚ್ಚುತ್ತಿಲ್ಲ ಎಂದು ಶುರುಮಾಡಿ, ಮುಂದೆ ಹೇಗೆ ವಿವರಿಸುವುದೆಂದು ನಾನು ಯೋಚಿಸುತ್ತಿದ್ದಂತೆಯೇ ಅವರು, ಗೇಟು ಸೋರ್ತದಾ ಸಾ ಎಂದು ಕೇಳಿದರು. ಹೌದು, ಇಳಿಸಿದ ಮೇಲೂ ಸ್ವಲ್ಪ ಸೋರುತ್ತದೆ ಎಂದೆ. ಅವರ ಗೇಟಿನಲ್ಲಿ ಅಂಚಿನ ರಬ್ಬರು ಸವೆದರೆ ಬದಲಾಯಿಸುತ್ತಾರೆ, ಇದನ್ನೇಕೆ ಬದಲಾಯಿಸಬಾರದು ಎಂದರು. ಬದಲಾಯಿಸುವಷ್ಟು ಸವೆದಿಲ್ಲ, ಇನ್ನು ಸವೆಯದ ಹಾಗೆ ನೋಡಿಕೊಳ್ಳುವುದಕ್ಕೇ ಮೂರು ವಾರಕ್ಕೊಮ್ಮೆ ಸೂಜಿ ಬೇಕಾಗಬಹುದು ಎಂದೆ. ಎಷ್ಟು ವರ್ಷ ಎಂದು ಕೇಳಿ ತಿಳಿದುಕೊಂಡ ಮೇಲೆ ಅವರು ಗೇಟಿನ ಚಕ್ರವನ್ನು ಇನ್ನೆರಡು ಸುತ್ತು ತಿರುಗಿಸಿದರು.

"ಸೂಜಿ ಇರ್ಲಿ ಸಾ. ಆರ್ಟಿನ ಕಾಯ್ಲೆ ಉಡುಗಿ ಅಂತ ಎಸ್ರು ಬಂದ್ಬುಟ್ರೆ ಅದನ್ನ ಯಾವ ಸೂಜೀಲಿ ತೆಗ್ಯದು?"

ಊರಿನಲ್ಲಾಗಲಿ ಶಾಲೆಯಲ್ಲಾಗಲಿ ನಮ್ಮ ಬಾಯಿಂದ ಯಾರಿಗೂ ತಿಳಿಯುವುದಿಲ್ಲ ಎಂದು ಮಾತು ಕೊಟ್ಟೆ.

ವಾಪಸು ಬರುವಾಗ ಶ್ರೀರಂಗಪಟ್ಟಣದ ಸೇತುವೆ ದಾಟಿ ಒಂದು ಟೀ ಅಂಗಡಿಯ ಮುಂದೆ ನಿಂತು ಹಿರಿಯರಿಗೆ ಫೋನ್ ಮಾಡಿದೆ. ಎಲ್ಲ ಕೇಳಿದ ಮೇಲೆ ಅವರು, "ಇಬ್ಬರು ಸಾಕ್ಷಿಗಳು. ಕಾಲು ತಪ್ಪು, ತಿಂಗಳು ತಪ್ಪು. ಯಾರನ್ನೂ ನಂಬದ ನೀವು ಇದನ್ನು ನಂಬುತ್ತೀರಾ?" ಎಂದರು.

"ಕಾಲು ತಪ್ಪಿರುವುದಕ್ಕೇ ನಂಬುತ್ತೇನೆ ಸಾರ್" ಎಂದೆ. "ಮಾತಾಡಿಕೊಂಡು ಹೇಳಿದ್ದರೆ ಕಾಲು ಒಂದೇ ಆಗಿರುತ್ತಿತ್ತು."

ಹಾಗೆ ಹೇಳುವವರೆಗೆ ನಾನೇ ಅದನ್ನು ಯೋಚಿಸಿರಲಿಲ್ಲ. ಎಡವೋ ಬಲವೋ ಎಂಬುದನ್ನು ಯಾರು ತಾನೇ ಇಟ್ಟುಕೊಳ್ಳುತ್ತಾರೆ? ಅಚ್ಚರಿಪಟ್ಟದ್ದು ಉಳಿಯುತ್ತದೆ. ಒಬ್ಬರಿಗೆ ಅದು ತಮ್ಮ ಕೈಗುಣದ ಸೋಲು, ಇನ್ನೊಬ್ಬರಿಗೆ ತಾಯಿಯನ್ನು ರೇಗಿಸಲು ಸಿಕ್ಕ ಮಾತು. ಎರಡು ಬೇರೆ ಕಾರಣಗಳಿಗಾಗಿ ಇಬ್ಬರೂ ಅದೊಂದನ್ನೇ ಕಾಪಾಡಿಕೊಂಡಿದ್ದರು: ಉಳುಕು ಜಾಗ ಬದಲಾಯಿಸಿತ್ತು. ಹಿರಿಯರು, "ಸರಿ, ಕಾಯುವುದು ಬೇಡ. ಶುರು ಮಾಡಿ" ಎಂದರು.

ಶುರು ಮಾಡುವುದೇ ಕಷ್ಟವಾಯಿತು. ಅವರ ಊರಿಗೆ ಹತ್ತಿರದ ಆರೋಗ್ಯ ಕೇಂದ್ರದ ಡಾಕ್ಟರು, ನನಗಿಂತ ಚಿಕ್ಕವರು, ಪೆನಿಸಿಲಿನ್ ಎಂದೊಡನೆ ಕೈಮುಗಿದರು. ಲಕ್ಷಕ್ಕೊಬ್ಬರಿಗೋ ಯಾರಿಗೋ ಅದು ಒಗ್ಗದೆ ಜೀವಕ್ಕೆ ಬರುತ್ತದೆ, ಅಂಥದ್ದೇನಾದರೂ ಆದರೆ ಊರಿನವರ ಮುಂದೆ ನಿಲ್ಲುವವರು ತಾವು ಎಂದರು. ಅವರ ಭಯ ಸುಳ್ಳಲ್ಲ. ಮೊದಲ ಕೆಲವು ಸೂಜಿಗಳನ್ನು ಅಲ್ಲೇ ನಾವೇ ಕೊಡುವುದು, ಒಗ್ಗುವುದೋ ಇಲ್ಲವೋ ಎಂದು ಚರ್ಮದ ಮೇಲೆ ಮೊದಲು ಪರೀಕ್ಷಿಸುವುದು, ಒಗ್ಗದೆ ಹೋದರೆ ತಕ್ಷಣ ಕೊಡಬೇಕಾದ ಅಡ್ರಿನಲಿನ್ ಮದ್ದನ್ನು ಸಿರಿಂಜಿನಲ್ಲಿ ತುಂಬಿ ಪಕ್ಕದಲ್ಲಿಟ್ಟುಕೊಳ್ಳುವುದು, ಸೂಜಿಯಾದ ಮೇಲೆ ಅರ್ಧ ಗಂಟೆ ಹುಡುಗಿಯನ್ನು ಕೂರಿಸಿಕೊಳ್ಳುವುದು ಎಂದು ಒಪ್ಪಂದವಾಯಿತು.

ಮೊದಲ ಸೂಜಿ ಕೆಟ್ಟುಹೋಯಿತು. ಈ ಮದ್ದು ಪುಡಿಯಲ್ಲಿರುತ್ತದೆ. ನೀರು ಬೆರೆಸಿದರೆ ಕರಗುವುದಿಲ್ಲ, ಸುಣ್ಣದ ತಿಳಿಯಂತೆ ಬೆಳ್ಳಗೆ ತೇಲುತ್ತದೆ. ತಡಮಾಡಿದರೆ ಸೂಜಿಯೊಳಗೇ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ನಾನು ಹುಡುಗಿಗೆ ಧೈರ್ಯ ಹೇಳುತ್ತಾ ಮಾತು ಬೆಳೆಸಿದೆ, ಅಷ್ಟರಲ್ಲಿ ಅದು ಕಟ್ಟಿಕೊಂಡಿತು. ಅರ್ಧಕ್ಕೆ ತೆಗೆದು ಇನ್ನೊಮ್ಮೆ ಚುಚ್ಚಬೇಕಾಯಿತು. ಹುಡುಗಿ ಅಳಲಿಲ್ಲ. ಗೋಡೆಯ ಕಡೆ ಮುಖ ಮಾಡಿಕೊಂಡಿದ್ದಳು. ಎರಡನೆಯದು ಸರಿಹೋಯಿತು, ಆದರೆ ಮರುದಿನ ಖೋಖೋದಲ್ಲಿ ಕೂತು ಏಳಲಾರದೆ ತಂಡದವರ ನಗೆಗೆ ಗುರಿಯಾದಳಂತೆ. ಮೂರನೆಯದರ ದಿನ ಅವಳು ಬರಲೇ ಇಲ್ಲ. ಶಾಲೆ ಬಿಟ್ಟವಳೇ ಬಸ್ಸು ಹತ್ತಿ ಕೆ.ಆರ್. ಪೇಟೆಯ ಅತ್ತೆಯ ಮನೆಗೆ ಹೋಗಿಬಿಟ್ಟಿದ್ದಳು.

ಅಲ್ಲಿಗೂ ಹೋದೆವು. ಅತ್ತೆ ಕಾಫಿ ಕೊಟ್ಟರು. ಹುಡುಗಿ ಕಂಬದ ಮರೆಯಿಂದಲೇ ಮಾತಾಡಿದಳು.

"ಮೊದಲ್ನೇದು ಕಟ್ಕೊಂತು, ಎರಡ್ನೇದು ಉರೀತು. ಮೂರ್ನೇದ ನೀವೇ ಚುಚ್ಚುಸ್ಕಳಿ ಸಾರ್."

ಸಿಸ್ಟರ್ ನಕ್ಕುಬಿಟ್ಟರು. ನ್ಯಾಯದ ಮಾತು ಎಂದರು. ನಾನು ಉಪದೇಶಕ್ಕೆ ಬಾಯಿ ತೆರೆದು ಮುಚ್ಚಿದೆ. ಇಷ್ಟು ದಿನ ಅವಳ ಹೃದಯವನ್ನು ನಾನು, ಹಿರಿಯರು, ಅವಳ ತಂದೆ, ಅಜ್ಜಿ ಎಲ್ಲರೂ ಮಾತಾಡಿಕೊಂಡಿದ್ದೆವು. ಅವಳಿಗೆ ಅದನ್ನು ಯಾರೂ ತೋರಿಸಿರಲಿಲ್ಲ. ಯಂತ್ರ ನಾವು ಬಂದಿದ್ದ ಜೀಪಿನಲ್ಲೇ ಇತ್ತು. ಅತ್ತೆಯ ಮನೆಯ ನಡುಕೋಣೆಯಲ್ಲೇ ಅವಳನ್ನು ಮಲಗಿಸಿ, ಪರದೆಯನ್ನು ಅವಳ ಕಡೆ ತಿರುಗಿಸಿದೆ. ಎರಡು ತೆಳ್ಳನೆಯ ಬಾಗಿಲುಗಳು ತೆರೆದು ಮುಚ್ಚಿ, ತೆರೆದು ಮುಚ್ಚಿ ಮಾಡುತ್ತಿದ್ದವು. ಅವಳು ಕತ್ತೆತ್ತಿ ನೋಡಿದಳು.

"ಆ ನೀಲೀದು ಏನು?"

ಹಿಂದಕ್ಕೆ ಸೋರುತ್ತಿರುವುದು ಎಂದೆ.

"ಸೂಜಿ ಆಕುಸ್ಕೊಂಡ್ರೆ ಓಗ್ತದಾ?"

ಹೌದು ಎಂದುಬಿಟ್ಟಿದ್ದರೆ ಸುಲಭವಿತ್ತು. ಗೊತ್ತಿಲ್ಲ, ಹೋಗಬಹುದು, ಹೋಗದೆಯೂ ಇರಬಹುದು, ಹೆಚ್ಚಾಗದಂತೆ ತಡೆಯುವುದಂತೂ ನಮ್ಮ ಕೈಲಿದೆ ಎಂದೆ. ಶನಿವಾರ ಮಧ್ಯಾಹ್ನವಾದರೆ ಬರುತ್ತೇನೆ, ಭಾನುವಾರ ಆಟವಿಲ್ಲ ಎಂದಳು. ಇಷ್ಟು ಸರಳವಾದದ್ದನ್ನು ನಾವು ಅವಳನ್ನು ಕೇಳಿಯೇ ಇರಲಿಲ್ಲ.

ಅಂದಿನಿಂದ ಶನಿವಾರ. ಸಿಸ್ಟರ್ ತಮ್ಮದೇ ಕ್ರಮ ಮಾಡಿಕೊಂಡರು. ಬೆರೆಸುವ ನೀರನ್ನು ಮೊದಲು ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡುವುದು, ಸ್ವಲ್ಪ ದಪ್ಪ ಸೂಜಿ, ಬೆರೆಸಿದ ತಕ್ಷಣ ಚುಚ್ಚುವುದು, ಚುಚ್ಚುವ ಜಾಗವನ್ನು ಮೊದಲು ಹೆಬ್ಬೆರಳಿನಿಂದ ಒತ್ತಿಹಿಡಿಯುವುದು, ಮದ್ದನ್ನು ಮಾತ್ರ ನಿಧಾನವಾಗಿ ಬಿಡುವುದು. ನಾನು ಮಾತಾಡಕೂಡದು ಎಂಬುದೂ ಆ ಕ್ರಮದಲ್ಲಿ ಸೇರಿತ್ತು. ಕೆಲವು ತಿಂಗಳು ಕಳೆದ ಮೇಲೆ ಆರೋಗ್ಯ ಕೇಂದ್ರದ ಚಿಕ್ಕ ಡಾಕ್ಟರು, ಇನ್ನು ನಾವೇ ಕೊಡುತ್ತೇವೆ ಸಾರ್, ನೀವು ಅಷ್ಟು ದೂರದಿಂದ ಬರಬೇಡಿ ಎಂದರು.

ನಮ್ಮ ಪ್ರಶ್ನೆಯೂ ಬದಲಾಯಿತು. ಮುಂದಿನ ಶಾಲೆಗಳಲ್ಲಿ ನಾವು ಕೇಳಿದ್ದು, ಉಳುಕು ತೆಗೆಸಿದ್ದೀರಾ, ಎಷ್ಟು ಕಡೆಗೆ ಎಂದು. ಕೈಗಳು ಎದ್ದವು. ಹೆಚ್ಚಿನವು ನಿಜವಾದ ಉಳುಕುಗಳೇ. ಅಪರೂಪಕ್ಕೆ ಒಂದು ಮಗು, ಮೊದಲು ಇಲ್ಲಿ ಆಮೇಲೆ ಇಲ್ಲಿ ಎಂದು ಎರಡು ಕಡೆ ಮುಟ್ಟಿ ತೋರಿಸುತ್ತಿತ್ತು. ಅಂಥವರನ್ನು ಬೆಂಚಿನ ಮೇಲೆ ಹೆಚ್ಚು ಹೊತ್ತು ನೋಡಿದೆವು.

ಹಿಂದಿನ ಶಾಲೆಗಳಿಗೂ ಮತ್ತೆ ಹೋಗಲೇಬೇಕೆಂದು ನಾನು ಹಟ ಹಿಡಿದೆನಂತೆ. ಸಿಸ್ಟರ್ ಹೇಳುವುದು ಹಾಗೆ. ಹೋಗೋಣ ಎಂದದ್ದು ಅವರು, ಬೇಸರಪಟ್ಟದ್ದು ನಾನು ಎಂದು ನನ್ನ ನೆನಪು. ಯಾರು ಹೇಳಿದ್ದಾದರೂ ಆಗಲಿ, ಹೋದೆವು.

ಹುಡುಗಿ ಹತ್ತನೇ ತರಗತಿಗೆ ಬಂದ ವರ್ಷ ಅವಳ ಹೃದಯವನ್ನು ಮತ್ತೆ ಪೂರ್ತಿ ನೋಡಿದೆವು. ಅದೇ ಶಾಲೆ, ಅದೇ ತಗಡಿನ ಸೂರು. ಜೊತೆಗೆ ಅಜ್ಜಿ ಬಂದಿದ್ದರು. ನೀಲಿ ಎಳೆ ಇತ್ತು, ಆದರೆ ಮೊದಲಿಗಿಂತ ಗಿಡ್ಡ. ನಾನು ನಂಬದೆ ಯಂತ್ರದ ಹೊಳಪು ಏರಿಸಿ ಇಳಿಸಿ ನೋಡಿದೆ. ಬೇರೆ ಕೋನದಿಂದ ನೋಡಿದೆ. ಹಳೆಯ ಚಿತ್ರವನ್ನು ಪಕ್ಕದಲ್ಲಿಟ್ಟುಕೊಂಡು ನೋಡಿದೆ. ಮೈಸೂರಿಗೆ ಕಳಿಸಿದೆ. ಹಿರಿಯರು, ಹೆಚ್ಚಾಗಿಲ್ಲ ಎಂದು ಖಂಡಿತ ಹೇಳುತ್ತೇನೆ, ಕಡಿಮೆಯಾಗಿದೆ ಎಂದು ಹೇಳಬೇಕೆಂದು ಆಸೆ ಎಂದರು. ಹುಡುಗಿ ಯಾರ ಮಾತಿಗೂ ಕಾಯಲಿಲ್ಲ. ಪರದೆ ಅವಳ ಕಡೆಗೇ ತಿರುಗಿತ್ತು. "ನೀಲೀದು ಕಮ್ಮಿ ಆಗದೆ" ಎಂದು ಎದ್ದು ಟವೆಲಿನಿಂದ ಜೆಲ್ ಒರೆಸಿಕೊಂಡಳು. ಹೊರಗೆ ಅವಳ ತಂಡ ಕಾಯುತ್ತಿತ್ತು.

ಹಂಗಾದ್ರೆ ಸೂಜಿ ನಿಲ್ಲಿಸಬಹುದೇ ಎಂದು ಅಜ್ಜಿ ಕೇಳಿದರು. ಇಲ್ಲ, ಸೂಜಿಯಿಂದಲೇ ಇದು ಹೀಗಿರುವುದು, ಇನ್ನೂ ವರ್ಷಗಳಿವೆ ಎಂದೆ. ಅಜ್ಜಿ ತಲೆಯಾಡಿಸಿದರು. ಹೊರಡಲಿಲ್ಲ. ಸೆರಗು ಸರಿಮಾಡಿಕೊಳ್ಳುತ್ತಾ, ಹೊರಗೆ ಇನ್ನೊಬ್ಬರು ಕೂತಿದ್ದಾರೆ, ನೋಡುತ್ತೀರಾ ಎಂದರು.

ಪಕ್ಕದ ಊರಿನ ತಾಯಿ, ಜೊತೆಗೆ ಏಳೆಂಟು ವರ್ಷದ ಮಗ. ಮೈ ಬಿಸಿ. ಕಾಲು ಊರಲಾರ. ಹಿಂದಿನ ವಾರ ಪಾದದ ಗಂಟು ಊದಿತೆಂದು ಅಜ್ಜಿಯ ಹತ್ತಿರ ಬಂದಿದ್ದರು. ಅಜ್ಜಿ ಚೆಂಬು ಮಗುಚಿ ಕಳಿಸಿದ್ದರು. ಎರಡು ದಿನಕ್ಕೆ ಪಾದ ಸರಿಹೋಗಿ ಮಂಡಿ ಊದಿತು. ಮತ್ತೆ ಕರೆತಂದರು.

"ನಾನು ಮಗುಚಕಿಲ್ಲ ಅಂದ್ಬುಟ್ಟೆ" ಎಂದರು ಅಜ್ಜಿ. "ಒಂದ್ಕಡೆ ನಿಂತಿದ್ರೆ ನನ್ತಾವ ಬಾ, ಓಡಾಡ್ತಿದ್ರೆ ಡಾಕ್ಟ್ರುತಾವ ಓಗು ಅಂದೆ. ನೋಡಪ್ಪ, ಒಳ್ಗೆ ಏನಾಗದೆ."

ಮಗುವನ್ನು ಎಡಮಗ್ಗುಲಿಗೆ ಮಲಗಿಸಿದೆವು. ಸಿಸ್ಟರ್ ಜೆಲ್ಲನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿ ಹಚ್ಚಿದರು. ನಾನು ನೋಡಿದೆ. ಕವಾಟದ ಎರಡು ಬಾಗಿಲುಗಳು ಈರುಳ್ಳಿಯ ಒಳಪೊರೆಯಷ್ಟು ತೆಳ್ಳಗೆ, ತುದಿಯವರೆಗೂ ತೆಳ್ಳಗೆ, ಒಂದಕ್ಕೊಂದು ಕೂಡಿ ಮುಚ್ಚುತ್ತಿದ್ದವು. ಹಿಂದಕ್ಕೆ ಚಿಮ್ಮುವ ನೀಲಿ ಎಳೆ ಇರಲಿಲ್ಲ. ಅಷ್ಟು ಶಾಲೆ ತಿರುಗಿ, ಪೆಟ್ಟು ಬಿದ್ದ ಮೇಲಿನ ಗುರುತುಗಳನ್ನೇ ಹುಡುಕಿದ್ದ ನಾನು, ಪೆಟ್ಟು ಬೀಳುವ ಮೊದಲೇ ಕವಾಟದ ಮುಂದೆ ಬಂದು ನಿಂತದ್ದು ಅದೇ ಮೊದಲು. ಇನ್ನೂ ಕೆಲವು ವಾರ ಕಾದು ನೋಡಬೇಕಿತ್ತು ನಿಜ. ಅಂದೇ ಮೈಸೂರಿಗೆ ಕರೆದುಕೊಂಡು ಹೋಗಿ ಸೇರಿಸಿದೆವು, ಅಂದೇ ಪೆನಿಸಿಲಿನ್ ಶುರುವಾಯಿತು. ಆ ವಾರಗಳು ಕಳೆದವು. ಕವಾಟ ಇವತ್ತಿಗೂ ಹಾಗೇ ಇದೆ.

ಆ ಮಗುವಿನದು ಎಡಮಂಡಿಯೋ ಬಲಮಂಡಿಯೋ ಎಂದು ನನ್ನನ್ನು ಕೇಳಬೇಡಿ. ಮೊದಲು ಪಾದದಲ್ಲಿತ್ತು, ಆಮೇಲೆ ಮಂಡಿಗೆ ಹೋಯಿತು. ಅಷ್ಟು ನನಗೆ ಚೆನ್ನಾಗಿ ನೆನಪಿದೆ.